ಮೆಕ್ಸಿಕೋದ ವೈನಿಗೆ ನನ್ನ ಉಪ್ಪು

ನಾನು ಒಲೆಯ ಮುಂದೆ ನಿಂತು ರುಚಿ ನೋಡುವ ಅಡುಗೆಯವನಲ್ಲ. ಐರ್ಲೆಂಡಿನ ಈ ಕಾರ್ಕ್ ಊರಿನಲ್ಲಿ ಈ ಮಾತು ಹೇಳಿದರೆ ಬೇರೆ ಅಡುಗೆಯವರು ನನ್ನ ಮುಖವನ್ನೇ ನೋಡುತ್ತಾರೆ. ಇಲ್ಲಿ ಎಲ್ಲರ ಜೇಬಿನಲ್ಲೂ ಒಂದು ಚಮಚ. ಅದ್ದುತ್ತಾರೆ, ನೆಕ್ಕುತ್ತಾರೆ, ಮಗ್ಗಿನ ನೀರಿನಲ್ಲಿ ಅಲ್ಲಾಡಿಸುತ್ತಾರೆ, ಮತ್ತೆ ಅದ್ದುತ್ತಾರೆ. ನಾನು ಏಳನೇ ಕ್ಲಾಸು ಪೂರ್ತಿ ಮಾಡದೆ ಮೈಸೂರಿನಲ್ಲಿ ಮದುವೆ ಅಡುಗೆಯವರ ತಂಡ ಸೇರಿದವನು. ಅಲ್ಲಿ ದೇವರಿಗೆ ಎಡೆ ಇಡುವ ತನಕ ಯಾವ ಪಾತ್ರೆಯಿಂದಲೂ ಒಂದು ಹನಿ ಬಾಯಿಗೆ ಹೋಗುವಂತಿರಲಿಲ್ಲ. ಹೋದರೆ ಎಂಜಲು, ಇಡೀ ಕೊಪ್ಪರಿಗೆ ಚೆಲ್ಲಬೇಕಾಗುತ್ತಿತ್ತು. ಸಾವಿರ ಜನರ ಸಾರಿಗೆ ಉಪ್ಪು ಹಿಡಿಯಿತೋ ಇಲ್ಲವೋ ಎನ್ನುವುದನ್ನು ಹಬೆಗೆ ಮುಖ ಒಡ್ಡಿ ತಿಳಿಯಬೇಕಿತ್ತು. ಉಪ್ಪು ಸಾಲದ ಬೇಳೆಗೆ ಒಂದು ಹಸಿ ವಾಸನೆ ಇರುತ್ತದೆ. ಅದು ಗೊತ್ತಾದವನು ಅಡುಗೆಯವನು, ಗೊತ್ತಾಗದವನು ನೀರು ಹೊರುವವನು. ಆ ಮೂಗನ್ನು ನಂಬಿಕೊಂಡೇ ನಾನು ಮೈಸೂರಿನ ಹೋಟೆಲು, ಬೆಂಗಳೂರಿನ ಹೋಟೆಲು ದಾಟಿ, ಐರ್ಲೆಂಡಿನ ವರ್ಕ್ ಪರ್ಮಿಟ್ಟಿನವರೆಗೆ ಬಂದೆ. ಯಾರ ಕೈಕಾಲೂ ಹಿಡಿದು ಬಂದವನಲ್ಲ.

ನಾನು ಕೆಲಸ ಮಾಡುವ ರೆಸ್ಟೋರೆಂಟಿನ ಯಜಮಾನಿ ಕಾರ್ಕಿನವಳೇ. ಇಲ್ಲಿನ ಸಮುದ್ರದ ಮೀನು, ಇಲ್ಲಿನ ಕುರಿ, ನಮ್ಮ ಕಡೆಯ ಮಸಾಲೆ, ಇದು ಅವಳ ಲೆಕ್ಕ. ಬಾಗಿಲು ತೆರೆದ ಮೊದಲ ದಿನದಿಂದಲೂ ನಾನು ಅವಳ ಜೊತೆಗಿದ್ದೇನೆ. ಪ್ರತಿ ಪಾತ್ರೆಯ ರುಚಿ ನೋಡಿಯೇ ತಟ್ಟೆಗೆ ಹಾಕಬೇಕು ಎಂದು ಅವಳು ಮೊದಲ ವಾರವೇ ಕಟ್ಟುನಿಟ್ಟು ಮಾಡಿದಳು. ನನಗೆ ಅದು ಎರಡು ರೀತಿಯಲ್ಲಿ ಆಗದ ಮಾತು. ಎಂಜಲಿನ ಅಭ್ಯಾಸ ಒಂದು. ನಾನು ಮಾಂಸ ಮುಟ್ಟಿ ಬೇಯಿಸುತ್ತೇನೆಯೇ ಹೊರತು ತಿನ್ನುವುದಿಲ್ಲ, ಅದು ಇನ್ನೊಂದು. ನನ್ನ ಹೆಂಡತಿ ಆಗ ಅದೇ ಅಡುಗೆಮನೆಯ ಹಿಂಬದಿಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅವಳ ತವರಿನಲ್ಲಿ ಮಾಂಸವಿಲ್ಲದೆ ಭಾನುವಾರವೇ ಇಲ್ಲ. ಹಾಗಾದರೆ ಇವಳು ನೋಡಲಿ ಎಂದಳು ಯಜಮಾನಿ. ಅಲ್ಲಿಗೆ ನಮ್ಮ ಪದ್ಧತಿ ಗೊತ್ತಾಯಿತು: ನಾನು ಬೇಯಿಸುವುದು, ಅವಳು ಚಮಚದ ತುದಿಯಲ್ಲಿ ಮುಟ್ಟಿ ನೋಡುವುದು. ಸರಿಯಿದ್ದರೆ 'ಹೂಂ', ಇಲ್ಲದಿದ್ದರೆ 'ಒಂದು ಚಿಟಿಕೆ'. ಮೂರನೆಯ ಮಾತು ಇರಲಿಲ್ಲ. ಹತ್ತರಲ್ಲಿ ಒಂಬತ್ತು ಸಲ 'ಹೂಂ' ಎಂದೇ ಬರುತ್ತಿತ್ತು ಎಂದು ಇಲ್ಲಿ ಹೇಳಿಬಿಡುತ್ತೇನೆ.

ಹೀಗೆ ಹತ್ತಿರ ಹತ್ತಿರ ಹನ್ನೆರಡು ವರ್ಷ ನಡೆಯಿತು. ಅವಳ ನಾಲಿಗೆ ಪಳಗಿದ್ದು ನನ್ನ ಪಾತ್ರೆಗಳ ಮೇಲೆ. ಅದು ನನ್ನದೇ ಒಂದು ಸಾಮಾನು ಎನ್ನುವ ಹಾಗೆ ನಾನು ಇದ್ದುಬಿಟ್ಟಿದ್ದೆ. ಒರಳಿದ್ದ ಹಾಗೆ, ಜರಡಿಯಿದ್ದ ಹಾಗೆ.

ಯಜಮಾನಿಯ ತಂಗಿಯನ್ನು ಮೆಕ್ಸಿಕೋದ ಒಂದು ವೈನ್ ಮಾಡುವ ಮನೆತನಕ್ಕೆ ಕೊಟ್ಟಿದೆ. ದೇಶದ ವಾಯವ್ಯ ಮೂಲೆಯಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಕಣಿವೆಯಲ್ಲಿ ಅವರ ದ್ರಾಕ್ಷಿ ತೋಟ. ಹೋದ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಆ ತಂಗಿಯ ಮೈದುನ ಪೆಟ್ಟಿಗೆಗಳ ಸಮೇತ ಕಾರ್ಕಿಗೆ ಬಂದ. ಮನೆಯ ವೈನ್ ಮಾಡುವವನು ಅವನೇ. ನನ್ನ ವಯಸ್ಸಿನವನು, ಬಿಸಿಲಿಗೆ ಕಂದಿದ ಮುಖ, ರೈತನ ಕೈ. ಮೊದಲ ದಿನ ಅವನನ್ನು ಕಂಡು ನನಗೆ ಇಷ್ಟವೇ ಆಯಿತು. ಸೂಟು ಹಾಕಿಕೊಂಡು ಮೂಗೆತ್ತಿ ಮಾತಾಡುವವರ ಪೈಕಿ ಅಲ್ಲ. ಐರ್ಲೆಂಡಿನಲ್ಲಿ ತನ್ನ ವೈನಿಗೆ ಮಾರುಕಟ್ಟೆ ಆಗುತ್ತದೆಯೇ ಎಂದು ನೋಡಲು ಬಂದಿದ್ದ. ಒಂದು ಸೋಮವಾರ ರೆಸ್ಟೋರೆಂಟಿಗೆ ರಜೆ ಇದ್ದಾಗ ನಮ್ಮನ್ನೆಲ್ಲ ಕೂರಿಸಿ ಒಂದೊಂದಾಗಿ ಸುರಿದ.

ನಾನು ಕುಡಿಯುವುದಿಲ್ಲ. ಆದರೂ ಗ್ಲಾಸಿಗೆ ಮೂಗು ಹಾಕಲು ಅಡ್ಡಿಯಿಲ್ಲವಲ್ಲ. ಮೂಗಿನ ವಿಚಾರ ಬಂದರೆ ಅಲ್ಲಿದ್ದವರ ಪೈಕಿ ನಾನೇ ಮೊದಲು ಎಂದು ನನಗೆ ಖಾತ್ರಿಯಿತ್ತು. ಬಿಳಿ ವೈನಿನ ದ್ರಾಕ್ಷಿಯ ಹೆಸರು ಶೆನಿನ್ ಬ್ಲಾಂಕ್. ಸೀಬೆಹಣ್ಣಿನ ವಾಸನೆ ಎಂದೆ. ಮೆಕ್ಸಿಕೋದವನು ತಲೆಯಾಡಿಸಿ, ಸರಿ ಎಂದು ಹೇಳಿ, ನನ್ನ ಹೆಂಡತಿಯ ಕಡೆ ತಿರುಗಿದ. ಅವಳು ಉಳಿದವರು ಮಾಡಿದ ಹಾಗೆಯೇ ಒಂದು ಗುಟುಕು ಬಾಯಲ್ಲಿ ಹೊರಳಿಸಿ ಬಕೆಟ್ಟಿಗೆ ಉಗಿದಳು; ವೈನಿನ ರುಚಿ ನೋಡುವವರು ನುಂಗುವುದಿಲ್ಲವಂತೆ. ನಾನು ಆ ಬಕೆಟ್ಟಿನ ಕಡೆ ನೋಡಲಾರದೆ ಗೋಡೆ ನೋಡುತ್ತಿದ್ದೆ. ಏಳೆಂಟು ಜನರ ಎಂಜಲು ಒಂದೇ ಬಕೆಟ್ಟಿನಲ್ಲಿ. ಅವಳು ತನ್ನ ನಿಧಾನದ ಇಂಗ್ಲಿಷಿನಲ್ಲಿ, ಇದರಲ್ಲಿ ಉಪ್ಪಿದೆ ಅಲ್ಲವೇ ಎಂದು ಕೇಳಿದಳು.

ಅವನು ಬಾಟಲಿ ಕೆಳಗಿಟ್ಟ. ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತ. ಅವರ ಕಣಿವೆಯ ಬಾವಿಗಳಲ್ಲಿ ನೀರು ಉಪ್ಪುಪ್ಪಂತೆ. ಮಳೆ ಕಡಿಮೆ, ಹಗಲು ಕಡು ಬಿಸಿಲು, ಬೆಳಗ್ಗೆ ಸಮುದ್ರದಿಂದ ಮಂಜು ಬಂದು ಗಿಡಗಳ ಮೇಲೆ ಕೂರುತ್ತದಂತೆ. ಆ ನೀರು ಕುಡಿದ ಬಳ್ಳಿ ಹಣ್ಣಿಗೂ ಅದನ್ನು ಕೊಡುತ್ತದೆ. ಅವರ ಊರಿನ ವೈನನ್ನು ಬಯ್ಯುವವರು ಬಯ್ಯುವುದೂ ಅದಕ್ಕೆ, ಹೊಗಳುವವರು ಹೊಗಳುವುದೂ ಅದಕ್ಕೆ. ಕೇಳದೆ ಅದನ್ನು ಹೇಳಿದವರು ಕಡಿಮೆ ಎಂದ. ಆಮೇಲೆ ಕೆಂಪು ವೈನ್ ಬಂತು, ನೆಬ್ಬಿಯೋಲೊ. ಇಟಲಿಯ ಹೆಸರು, ಆದರೆ ಅವರ ಕಣಿವೆಯಲ್ಲಿ ಬೆಳೆಯುವುದು ನಿಜಕ್ಕೂ ಅದೇ ಜಾತಿಯೋ, ಹಡಗಿನಲ್ಲಿ ಬರುವಾಗ ಸಸಿಗಳು ಬೆರೆತುಹೋದವೋ ಎಂದು ಇನ್ನೂ ಜಗಳವಿದೆಯಂತೆ. ಅದನ್ನು ಬಾಯಿಗೆ ಹಾಕಿಕೊಂಡ ಇವಳು ಕೆನ್ನೆ ಒಳಕ್ಕೆಳೆದು ನನ್ನ ಕಡೆ ನೋಡಿದಳು.

"ರೀ, ಒಗರು ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

ನನಗೇನು ಗೊತ್ತು. ಎಳೆ ಬಾಳೆಕಾಯಿ ಹೆಚ್ಚಿದಾಗ ಕೈಗೆ ಅಂಟುತ್ತದಲ್ಲ, ಅಡಿಕೆ ಜಗಿದರೆ ನಾಲಿಗೆ ಹಿಡಿಯುತ್ತದಲ್ಲ, ಹಾಗೆ ಎಂದು ಅವಳು ಕೈ ಕುಣಿಸಿ ವಿವರಿಸಿದಳು. ಅವನಿಗೆ ಅಡಿಕೆ ಗೊತ್ತಿಲ್ಲ. ಆದರೂ ಅವನಿಗೆ ಅರ್ಥವಾಯಿತು. ಇಬ್ಬರೂ ನಕ್ಕರು. ನನ್ನ ಸೀಬೆಹಣ್ಣಿನ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅವತ್ತು ಶುರುವಾದದ್ದಕ್ಕೆ ಕನ್ನಡದಲ್ಲಿ ನೇರ ಹೆಸರಿದೆ, ಹೊಟ್ಟೆಕಿಚ್ಚು. ಇದನ್ನು ಬೇರೆ ಹೆಸರಿನಿಂದ ಕರೆದು ನಾನು ದೊಡ್ಡವನಾಗಲು ಹೋಗುವುದಿಲ್ಲ. ಗಂಡಸು ಇನ್ನೊಬ್ಬ ಗಂಡಸಿನ ಮೇಲೆ ಪಡುವ ಹೊಟ್ಟೆಕಿಚ್ಚು ಅದರಲ್ಲಿ ಸ್ವಲ್ಪ ಇತ್ತು. ಅವನು ಅವಳ ಮಾತನ್ನು ಕೇಳುವ ರೀತಿ ಅಂಥದ್ದು; ನಾನು ಹಾಗೆ ಯಾವತ್ತೂ ಕೇಳಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಪಾಲು ಅವಳ ಮೇಲೆಯೇ ಇತ್ತು. ನನ್ನ ಪರ್ಮಿಟ್ಟಿನ ಮೇಲೆ ಬಂದವಳು. ನನ್ನ ಒಲೆಯ ಪಕ್ಕ ನಿಂತು ಕಲಿತವಳು. ಹನ್ನೆರಡು ವರ್ಷದಲ್ಲಿ ಯಾರೂ ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತಿರಲಿಲ್ಲ.

ಯಜಮಾನಿ ಮುಂದಿನ ಕೆಲಸ ಗೊತ್ತು ಮಾಡಿದಳು. ಮೇ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನದ ಊಟ. ವೈನ್ ಅಂಗಡಿಯವರು, ಬೇರೆ ರೆಸ್ಟೋರೆಂಟಿನವರು ಬರುತ್ತಾರೆ. ನಾಲ್ಕು ವೈನು, ಒಂದೊಂದಕ್ಕೂ ಒಪ್ಪುವ ಒಂದೊಂದು ಅಡುಗೆ. ಬಂದವರಿಗೆ ಹಿಡಿಸಿದರೆ ಯಜಮಾನಿ ಆ ವೈನನ್ನು ಐರ್ಲೆಂಡಿಗೆ ತರಿಸಿ ಮಾರುತ್ತಾಳೆ. ಆಗಸ್ಟಿನಲ್ಲಿ ಅಲ್ಲಿ ದ್ರಾಕ್ಷಿ ಕೊಯ್ಲು. ನಿಮ್ಮಲ್ಲಿ ಒಬ್ಬರನ್ನು ಅದಕ್ಕೆ ಕರೆಸಿಕೊಳ್ಳುತ್ತೇವೆ, ನೋಡಿ ಕಲಿತು ಬಂದು ಇಲ್ಲಿ ವೈನಿನ ಜವಾಬ್ದಾರಿ ಹೊರಲಿ ಎಂದು ಮೆಕ್ಸಿಕೋದವನು ಹೇಳಿಹೋದ. ಆ ಒಬ್ಬರು ಯಾರು ಎಂದು ಊಟ ಮುಗಿದ ಮೇಲೆ ಹೇಳುತ್ತೇನೆ ಎಂದಳು ಯಜಮಾನಿ. ಮೊದಲ ದಿನದಿಂದ ಇದ್ದವನು ನಾನು. ಕುಡಿಯದವನನ್ನು ವೈನಿನ ಊರಿಗೆ ಯಾಕೆ ಕಳಿಸುತ್ತಾರೆ ಎನ್ನುವ ಯೋಚನೆ ನನಗೆ ಬರಲೇ ಇಲ್ಲ. ಹೆಮ್ಮೆ ಇದ್ದಲ್ಲಿ ಅಂಥ ಯೋಚನೆಗಳು ಬರುವುದಿಲ್ಲ.

ಯಾವ ವೈನಿಗೆ ಯಾವ ಅಡುಗೆ ಎನ್ನುವುದನ್ನು ಯಜಮಾನಿ ನನ್ನ ಹೆಂಡತಿಗೇ ವಹಿಸಿದಳು. ಅಲ್ಲಿಂದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪಕ್ಕ, ಪುಳಿಯೋಗರೆ ಗೊಜ್ಜಿನ ಪಕ್ಕ ಅರೆ ಖಾಲಿ ಬಾಟಲಿಗಳು. ಸಂಜೆ ಕೆಲಸವಿಲ್ಲದ ದಿನ ಅವಳು ಚೂರು ಚೂರು ಏನಾದರೂ ಮಾಡಿಕೊಡಿ ಎನ್ನುವಳು. ಮಾಡಿಕೊಡುತ್ತಿದ್ದೆ. ಒಂದು ತುತ್ತು, ಒಂದು ಗುಟುಕು, ಕಣ್ಣು ಮುಚ್ಚುವುದು, ಸಿಂಕಿಗೆ ಉಗಿಯುವುದು. ಪುಳಿಯೋಗರೆಗೆ ನೆಬ್ಬಿಯೋಲೊ ಕೊಟ್ಟರೆ ಹುಳಿಗೂ ಒಗರಿಗೂ ಹೊಡೆದಾಟ. ಒಣಮೆಣಸಿನಕಾಯಿಯ ಖಾರ ಬಾಯಿಗೆ ಬೆಂಕಿ ಇಟ್ಟ ಹಾಗೆ ಆಗುತ್ತದೆ ಎಂದಳು. ಅದೇ ಪುಳಿಯೋಗರೆಗೆ ಗ್ರೆನಾಶ್ ದ್ರಾಕ್ಷಿಯ ತಿಳಿಗುಲಾಬಿ ವೈನು ತಣ್ಣಗೆ ಕೊಟ್ಟರೆ, ಬೆಲ್ಲ ಸ್ವಲ್ಪ ಹೆಚ್ಚಿಗೆ ಬಿದ್ದ ಹಾಗೆ ಹಿತವಾಗುತ್ತದೆ ಎಂದಳು. ಶೆನಿನ್ ಬ್ಲಾಂಕಿಗೆ ತೆಂಗಿನ ಹಾಲಿನಲ್ಲಿ ಕೊತ್ತಂಬರಿ ಅರೆದು ಬೇಯಿಸಿದ ಕಪ್ಪೆಚಿಪ್ಪು. ಪಾದ್ರಿಗಳು ಪೂಜೆಗೆಂದು ಸ್ಪೇನಿನಿಂದ ತಂದ ಮಿಸಿಯೋನ್ ಎನ್ನುವ ಹಳೆಯ ದ್ರಾಕ್ಷಿಯೊಂದಿದೆ. ಅದರ ತೆಳು ಕೆಂಪಿಗೆ ಬೀಟ್ರೂಟ್ ಪಲ್ಯ, ಮೇಲೆ ಇಲ್ಲಿನ ಮೇಕೆ ಹಾಲಿನ ಚೀಸು. ನೆಬ್ಬಿಯೋಲೊಗೆ ನನ್ನ ಕುರಿ.

ನನ್ನ ಕುರಿ ಎಂದರೆ, ಕಾಳುಮೆಣಸು, ಕೊತ್ತಂಬರಿ ಬೀಜ, ಹುರಿದ ಈರುಳ್ಳಿ ಹಾಕಿ ಬೆಳಗ್ಗೆಯಿಂದ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಊರಿನವರು ಅದಕ್ಕಾಗಿಯೇ ಬರುತ್ತಾರೆ. ತಿನ್ನದವನೊಬ್ಬ ಹಾಗೆ ಮಾಡುತ್ತಾನೆ ಎಂದು ಗೊತ್ತಾದಾಗ ನಂಬುವುದಿಲ್ಲ. ಆ ಊಟಕ್ಕೆ ಮುಂಚಿನ ವಾರ ಮನೆಯಲ್ಲಿ ಸ್ವಲ್ಪ ಮಾಡಿಕೊಟ್ಟೆ. ಅವಳು ತಿಂದಳು, ಕುಡಿದಳು, ಉಗಿದಳು, ಮತ್ತೆ ತಿಂದಳು. ನಾನು 'ಹೂಂ' ಬರಲಿ ಎಂದು ಕಾದೆ.

"ಉಪ್ಪು ಕಮ್ಮಿ ಮಾಡ್ಬೇಕು ರೀ."

"ಜಾಸ್ತಿ ಆಗಿದ್ಯಾ?"

"ಬರೀ ತಿಂದ್ರೆ ಜಾಸ್ತಿ ಇಲ್ಲ, ಸರಿಯಾಗೇ ಇದೆ. ಇದರ ಜೊತೆ ಜಾಸ್ತಿ."

"ಸಪ್ಪೆ ಅಡುಗೆ ನನ್ನ ಕೈಯಿಂದ ಹೊರಗೆ ಹೋಗಲ್ಲ. ನಿನ್ನ ಮೆಕ್ಸಿಕೋದವನಿಗೆ ಹೇಳು, ಅವನೇ ಬಾವಿ ನೀರು ಸರಿ ಮಾಡ್ಕೊಳ್ಳಲಿ."

"ಸಪ್ಪೆ ಅಲ್ಲ. ಮಿಕ್ಕಿದ ಉಪ್ಪು ಗ್ಲಾಸಲ್ಲಿದೆ."

ನಮ್ಮ ಮಗಳು ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕಿನ ಇಂಗ್ಲಿಷಿನಲ್ಲಿ, ಇಲ್ಲಿನವರ ಹಾಗೆ ಮಾತಿನ ತುದಿಗೊಂದು 'ಲೈಕ್' ಸೇರಿಸಿ. ಸೋಫಾದಿಂದ ತಲೆ ಎತ್ತದೆ, "ಅಮ್ಮ ಈಸ್ ರೈಟ್ ಲೈಕ್" ಎಂದಳು. ನೀನು ತಿಂದು ನೋಡಿದೆಯಾ ಎಂದು ಕೇಳಿದೆ. ಇಲ್ಲ, ಆದರೂ ಎಂದಳು.

ನನ್ನ ಸಿಟ್ಟು ಯಾಕೆ ಎಂದು ಉಪ್ಪಿನ ಜೊತೆ ಬದುಕಿದವರಿಗೆ ತಿಳಿಯುತ್ತದೆ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಗಾದೆಯನ್ನು ನಮ್ಮ ತಂಡದಲ್ಲಿ ಗಾದೆಯೆಂದು ಹೇಳುತ್ತಿರಲಿಲ್ಲ, ಕಾನೂನೆಂದು ಹೇಳುತ್ತಿದ್ದರು. ಒಬ್ಬಟ್ಟು ಹರಿದರೆ ಕ್ಷಮೆಯಿದೆ, ಅನ್ನ ಮುದ್ದೆಯಾದರೆ ಬೈಗುಳವಿದೆ, ಸಾರು ಸಪ್ಪೆಯಾದರೆ ಮಾತ್ರ ಆ ಅಡುಗೆಯವನನ್ನು ಮುಂದಿನ ಮದುವೆಗೆ ಕರೆಯುವುದಿಲ್ಲ. ಹನ್ನೆರಡು ವರ್ಷ ಅವಳು 'ಒಂದು ಚಿಟಿಕೆ' ಎಂದಿದ್ದರೆ ಅದು ನನ್ನ ಅಡುಗೆಯ ಸಲುವಾಗಿ. ಈಗ ಮೊದಲ ಸಲ ಇನ್ನೊಬ್ಬನ ಬಾಟಲಿಯ ಸಲುವಾಗಿ ನನ್ನ ಪಾತ್ರೆಯಿಂದ ಉಪ್ಪು ತೆಗೆಯಲು ಬಂದಿದ್ದಳು.

ಮಧ್ಯೆ ಯುಗಾದಿಯ ಒಂದು ಸಂಗತಿ ಹೇಳಬೇಕು. ಅದು ಈ ಜಗಳಕ್ಕೂ ಮುಂಚಿನದು. ಕಾರ್ಕಿನ ಕನ್ನಡದವರೆಲ್ಲ ವರ್ಷಕ್ಕೊಮ್ಮೆ ಒಂದು ಹಾಲ್ ಬಾಡಿಗೆಗೆ ಹಿಡಿದು ಸೇರುತ್ತಾರೆ. ಹೆಚ್ಚಿನವರು ಕಂಪ್ಯೂಟರ್ ಕೆಲಸದವರು, ಆಸ್ಪತ್ರೆಯ ಡಾಕ್ಟರುಗಳು. ನನಗೆ ಎಲ್ಲರೂ ಅಣ್ಣಾ ಎನ್ನುತ್ತಾರೆ, ಹೋಳಿಗೆ ನನ್ನ ಜವಾಬ್ದಾರಿ. ಡಾಕ್ಟರೊಬ್ಬರ ಹೆಂಡತಿ ಹೋಳಿಗೆಯ ತಟ್ಟೆ ಹಿಡಿದು ಹತ್ತಿರ ಬಂದು ದನಿ ತಗ್ಗಿಸಿದಳು.

"ಅಣ್ಣಾ, ಅಕ್ಕ ವೈನ್ ಕುಡಿಯೋ ಕೆಲಸಕ್ಕೆ ಸೇರಿದ್ದಾರಂತೆ, ಹೌದಾ?"

"ಕುಡಿಯಲ್ಲಮ್ಮ, ಉಗೀತಾಳೆ."

"ಉಗಿಯೋದಕ್ಕೆ ಸಂಬಳನಾ? ಹಂಗಾದ್ರೆ ನಮ್ಮನೆಯವರು ಎಲೆ ಅಡಿಕೆ ಹಾಕ್ಕೊಂಡು ಸುಮ್ನೆ ವೇಸ್ಟ್ ಮಾಡ್ತಿದ್ದಾರೆ."

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆದರೆ ನನ್ನ ಹೆಂಡತಿಯ ಪರವಾಗಿ ನನಗೆ ಸಿಟ್ಟು ಬಂತು. ಉಗಿಯುವುದು ಅಷ್ಟು ಸುಲಭವಲ್ಲ, ನಿಮ್ಮ ಮನೆಯವರಿಂದ ಆಗದು ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಹೊಟ್ಟೆಕಿಚ್ಚಿನ ಚಮತ್ಕಾರ ಇದು. ಮನೆಯೊಳಗೆ ಅವಳ ಮೇಲೆ ಉರಿಯುತ್ತಿದ್ದೆ. ಹೊರಗಿನವರು ಒಂದು ಮಾತು ಆಡಿದರೆ ಅವರ ಮೇಲೂ ಉರಿಯುತ್ತಿದ್ದೆ.

ಆ ಊಟದ ಭಾನುವಾರ ಬಂತು. ಅವಳು ಬೆಳಗ್ಗೆಯೇ ಕಪ್ಪು ಪ್ಯಾಂಟು, ಬಿಳಿ ಶರ್ಟು ಹಾಕಿಕೊಂಡು ಗಿರಾಕಿಗಳು ಕೂರುವ ಹಾಲ್‌ನಲ್ಲಿ ಗ್ಲಾಸು ಒರೆಸುತ್ತಿದ್ದಳು. ಅಡುಗೆಮನೆಯಲ್ಲಿ ಅವಳ ಜಾಗ ಖಾಲಿ. ಮೆಕ್ಸಿಕೋದವನು ಹಿಂದಿನ ದಿನವೇ ವಾಪಸು ಬಂದಿದ್ದ; ಅವಳು ಹಾಕಿಟ್ಟ ಜೋಡಿಗಳನ್ನು ಒಂದೂ ಬದಲಿಸಲಿಲ್ಲ ಎಂದು ಯಜಮಾನಿ ಬಂದು ಖುಷಿಯಿಂದ ಹೇಳಿದಳು. ಒಂದಾದರೂ ಬದಲಿಸಬಾರದಿತ್ತೇ ಎಂದು ನನಗನ್ನಿಸಿತು.

ಕುರಿಯ ಪಾತ್ರೆಯ ಮುಂದೆ ನಿಂತೆ. ಉಪ್ಪು ಹಾಕುವ ಹೊತ್ತು. ನನ್ನ ಕೈಗೆ ಅಳತೆ ಬೇಡ. ಪಾತ್ರೆಯ ಗಾತ್ರ ನೋಡಿದರೆ ಬೆರಳುಗಳು ತಾವಾಗಿಯೇ ಅಷ್ಟು ತೆಗೆದುಕೊಳ್ಳುತ್ತವೆ. ತೆಗೆದುಕೊಂಡವು. ಪಾತ್ರೆಯ ಮೇಲೆ ಬಂದ ಕೈಯನ್ನು ನಾನು ಅಲ್ಲೇ ನಿಲ್ಲಿಸಿದೆ. ಇದೇ ಉಪ್ಪು ಹಾಕಿ ಕಳಿಸಿದರೆ ಬಂದವರು ಮಾಂಸವನ್ನು ಹೊಗಳುತ್ತಾರೆ, ವೈನ್ ಉಪ್ಪಾಯಿತು ಎನ್ನುತ್ತಾರೆ, ಅವಳ ಲೆಕ್ಕ ತಪ್ಪಾಗುತ್ತದೆ. ಹಾಕದಿದ್ದರೆ ನಾನು ಸಪ್ಪೆ ಅಡುಗೆಯವನು. ತಟ್ಟೆ ಹೊರಗೆ ಕೊಡುವ ಕಿಂಡಿಯಿಂದ ನೋಡಿದೆ. ಅವಳು ಒಂದು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಬಂದವರಿಗೆ ಹೇಳಬೇಕಾದ ಇಂಗ್ಲಿಷನ್ನು ಬಾಯಿಪಾಠ ಮಾಡುತ್ತಿದ್ದಳು. ಪರೀಕ್ಷೆಗೆ ಹೋಗುವ ಮುಖ.

ಹಿಡಿಯಲ್ಲಿದ್ದ ಉಪ್ಪಿನ ಮೂರರಲ್ಲೊಂದು ಪಾಲನ್ನು ಡಬ್ಬಿಗೆ ವಾಪಸು ಹಾಕಿದೆ. ಹಾಗೆ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಹಬೆಗೆ ಮುಖ ಒಡ್ಡಿದೆ. ಆ ಹಸಿ ವಾಸನೆ ಇತ್ತು. ಸ್ವಲ್ಪವೇ, ಆದರೆ ಇತ್ತು. ನನ್ನ ಜೊತೆ ಕೆಲಸ ಮಾಡುವ ಬ್ರೆಜಿಲಿನವನೊಬ್ಬ ಇದ್ದಾನೆ, ಒಳ್ಳೆಯ ಕೈ, ದೊಡ್ಡ ಬಾಯಿ. ಅವಳಿಲ್ಲದ್ದರಿಂದ ಅವತ್ತು ರುಚಿ ನೋಡುವ ಕೆಲಸ ಅವನದು. ಚಮಚ ಅದ್ದಿ ನೆಕ್ಕಿದವನು ನನ್ನನ್ನೇ ನೋಡಿದ. ಶೆಫ್, ಉಪ್ಪು ಮರೆತಿರಾ ಎಂದು ಕೇಳಿದ. ಗೊತ್ತು, ಹಾಗೇ ಇರಲಿ ಎಂದೆ. ಅವನು ಪಾತ್ರೆ ತೊಳೆಯುವವಳ ಕಡೆ ತಿರುಗಿ ಹುಬ್ಬು ಎತ್ತಿದ್ದು ನನಗೆ ಕಾಣಿಸಿತು. ಬೇರೆ ದಿನವಾಗಿದ್ದರೆ ಆ ಹುಬ್ಬಿಗೆ ತಕ್ಕ ಉತ್ತರ ಕೊಡುತ್ತಿದ್ದೆ.

ಕಪ್ಪೆಚಿಪ್ಪು ಹೋಯಿತು, ಪುಳಿಯೋಗರೆಯ ಪುಟ್ಟ ಉಂಡೆಗಳು ಹೋದವು, ಬೀಟ್ರೂಟ್ ಹೋಯಿತು. ಒಂದೊಂದು ಸಲವೂ ಅವಳ ದನಿ ಕೇಳಿಸುತ್ತಿತ್ತು. ಮೊದಲು ನಡುಗುತ್ತಿತ್ತು, ಆಮೇಲೆ ಇಲ್ಲ. ಅಡಿಕೆಯ ವಿಷಯ ಅಲ್ಲೂ ಹೇಳಿದಳು, ಜನ ನಕ್ಕರು. ಕುರಿ ಹೋಯಿತು. ಹಾಲ್‌ನಲ್ಲಿ ಮಾತು ನಿಂತಿತು. ಅಡುಗೆಯವನಿಗೆ ಅದಕ್ಕಿಂತ ಭಯದ ಹೊತ್ತು ಇಲ್ಲ. ಜನ ಒಳ್ಳೆಯದಕ್ಕೂ ಸುಮ್ಮನಾಗುತ್ತಾರೆ, ಕೆಟ್ಟದ್ದಕ್ಕೂ ಸುಮ್ಮನಾಗುತ್ತಾರೆ. ನಾನು ಒಲೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆಮೇಲೆ ತಟ್ಟೆಗಳು ವಾಪಸು ಬಂದವು. ಬ್ರೆಡ್ಡಿನಿಂದ ಸವರಿ ತಿಂದಿದ್ದರು. ಬ್ರೆಜಿಲಿನವನು ತಟ್ಟೆ ನೋಡಿದ, ನನ್ನನ್ನು ನೋಡಿದ, ಈ ಸಲ ಹುಬ್ಬು ಎತ್ತಲಿಲ್ಲ.

ಚಪ್ಪಾಳೆ ಕೇಳಿಸಿತು. ಏಪ್ರನ್ ಸರಿಮಾಡಿಕೊಂಡೆ. ಆದರೆ ಅದು ಅವಳಿಗೆ.

ಮೆಕ್ಸಿಕೋದವನು ಅಡುಗೆಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನು ಹೇಳಿದ್ದು ಇಷ್ಟು: ಈ ಮಾಂಸವನ್ನು ಬರೀ ತಿಂದರೆ ಏನೋ ಕಡಿಮೆ, ನನ್ನ ವೈನನ್ನು ಬರೀ ಕುಡಿದರೆ ಏನೋ ಹೆಚ್ಚು, ಒಟ್ಟಿಗೆ ಆದರೆ ಎರಡೂ ಇಲ್ಲ. ಹೊಗಳಿದ್ದೇ ಅವನು. ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರ 'ಏನೋ ಕಡಿಮೆ'. ಹಿಂದೆಯೇ ಯಜಮಾನಿ ಬಂದಳು. ಕೊಯ್ಲಿಗೆ ಯಾರು ಹೋಗುತ್ತಾರೆ ಎಂದು ಅವಳು ಹೇಳಬೇಕಾಗಿಯೇ ಇರಲಿಲ್ಲ. ಅವಳು ಕೇಳಿದ್ದು ನನ್ನನ್ನು: ನಿನ್ನ ಹೆಂಡತಿಯನ್ನು ಕಳಿಸಿದರೆ, ವಾಪಸು ಬಂದ ಮೇಲೆ ಹಾಲ್‌ನಲ್ಲೇ ಇಟ್ಟುಕೊಂಡರೆ, ನಿನ್ನ ಅಡುಗೆಮನೆ ನಡೆಯುತ್ತದೆಯೇ. ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಆಗದು ಎಂದು ನಾನು ಹೇಳಿದ್ದರೆ ಅವಳು ಹೋಗುತ್ತಿರಲಿಲ್ಲ. ಅದು ಆ ಅಡುಗೆಮನೆಯಲ್ಲಿ ಇದ್ದ ಎಲ್ಲರಿಗೂ ಗೊತ್ತಿತ್ತು. ಆಗದು ಎನ್ನುವ ಮಾತು ನನ್ನ ನಾಲಿಗೆಯ ಮೇಲೆ ಬಂದು ಕೂತೂ ಇತ್ತು.

"ಗ್ರ್ಯಾಂಡ್" ಎಂದೆ. ಇಲ್ಲಿನವರು ಎಲ್ಲದಕ್ಕೂ ಹೇಳುವ ಮಾತು. ಒಪ್ಪಿದರೂ ಅದೇ, ಸತ್ತುಹೋಗುವಷ್ಟು ಬೇಜಾರಾದರೂ ಅದೇ. ಕನ್ನಡದಲ್ಲಿ ಹೇಳಬೇಕಾಗಿದ್ದರೆ ನನ್ನಿಂದ ಆಗುತ್ತಿತ್ತೋ ಇಲ್ಲವೋ.

ಕಾರಿನಲ್ಲಿ ಮನೆಗೆ ಹೊರಟೆವು. ಇನ್ನೂ ಒಳ್ಳೆಯ ಬಿಸಿಲಿತ್ತು. ದೊಡ್ಡ ರೌಂಡಬೌಟ್ ದಾಟಿದೆವು.

"ಬೇಜಾರಾ?" ಎಂದಳು.

"ಬೇಜಾರಲ್ಲ, ಹೊಟ್ಟೆಕಿಚ್ಚು."

"ಗೊತ್ತು ಬಿಡಿ. ಫೆಬ್ರವರಿಯಿಂದ ಕುಕ್ಕರ್ ಕೂಗೋ ಹಂಗೆ ಕೇಳಿಸ್ತಾ ಇದೆ."

ನಾನು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆ ನೋಡಿಕೊಂಡು ಹೇಳಿದಳು.

"ಶೆಫ್‌ನ ಕರೀರಿ ಅಂತ ಜನ ಹೇಳಿದಾಗೆಲ್ಲ ನೀವು ಏಪ್ರನ್ ಸರಿ ಮಾಡ್ಕೊಂಡು ಹೊರಗೆ ಹೋಗ್ತಿದ್ರಿ. ನಾನು ಒಳಗೆ ಚಮಚ ತೊಳೀತಿದ್ದೆ. ಅಷ್ಟು ವರ್ಷ ನಂಗೆ ಏನೂ ಅನ್ನಿಸ್ಲಿಲ್ಲ ಅಂದ್ಕೊಂಡ್ರಾ?"

ಗೇರು ಬದಲಿಸಿದೆ. ನಿಜ ಹೇಳಬೇಕೆಂದರೆ, ಅದನ್ನು ನಾನು ಅಂದುಕೊಂಡೂ ಇರಲಿಲ್ಲ, ಅಂದುಕೊಳ್ಳದೆಯೂ ಇರಲಿಲ್ಲ. ಆ ಕಡೆ ನೋಡಿಯೇ ಇರಲಿಲ್ಲ. ನಿನಗೂ ಇತ್ತಾ ಎಂದು ಕೇಳಿದೆ. ಇಲ್ಲದೆ ಏನು ಎಂದಳು. ಒಂದೊಂದು ದಿನ ಬೇಕಂತಲೇ 'ಒಂದು ಚಿಟಿಕೆ' ಅಂದಿದ್ದೇನೆ, ನೀವು ಹಾಕುವುದು ನೋಡೋಣ ಅಂತ ಎಂದಳು. ಅದು ತಮಾಷೆಗೆ ಹೇಳಿದ್ದೋ ನಿಜವೋ ನಾನು ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಇವತ್ತಿಗೂ ಆ ಹತ್ತರಲ್ಲಿ ಒಂದರ ಬಗ್ಗೆ ನನಗೆ ಅನುಮಾನ.

ಆಗಸ್ಟಿನಲ್ಲಿ ಹೋದಳು. ಅಲ್ಲಿ ಬೆಳಗ್ಗೆ ಇಲ್ಲಿ ಮಧ್ಯಾಹ್ನ. ನಾನು ಈರುಳ್ಳಿ ಹುರಿಯುವ ಹೊತ್ತಿಗೆ ಫೋನು ಬರುತ್ತಿತ್ತು. ಫೋನಿನಲ್ಲಿ ಮಂಜು ಮುಸುಕಿದ ಸಾಲುಗಳು, ಕತ್ತರಿ ಹಿಡಿದ ಹೆಂಗಸರು, ಕಪ್ಪು ಗೊಂಚಲು ತುಂಬಿದ ಕ್ರೇಟುಗಳು. ಟೆಂಪ್ರನಿಲ್ಲೊ ಎನ್ನುವ ಇನ್ನೊಂದು ದ್ರಾಕ್ಷಿ ಮೊದಲು ಕೊಯ್ದರಂತೆ, ನೆಬ್ಬಿಯೋಲೊ ಕೊನೆಗೆ. ಹಣ್ಣು ಕೊಯ್ಯಲು ಬಂತೋ ಇಲ್ಲವೋ ಎಂದು ಬೀಜ ಕಚ್ಚಿ ನೋಡುತ್ತಾರಂತೆ. ಅಲ್ಲಿ ಇವಳನ್ನೂ ಕಚ್ಚಿ ನೋಡಲು ಕರೆಯುತ್ತಿದ್ದರು. ಅಲ್ಲಿನವರು ಮಧ್ಯಾಹ್ನ ಕುರಿಯನ್ನು ಹಳ್ಳ ತೋಡಿ ಬೇಯಿಸುತ್ತಾರೆ, ಘಮ ಎಂಥದ್ದು ಗೊತ್ತಾ ಎಂದಳು. ನನ್ನದಕ್ಕಿಂತಲಾ ಎಂದು ಕೇಳಿದೆ. ಅವಳು ಉತ್ತರ ಕೊಡುವ ಮುಂಚೆ ಸ್ವಲ್ಪ ಯೋಚಿಸಿದಳು. ಆ ಯೋಚನೆಯನ್ನು ನಾನು ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ.

ಈಗ ಅವಳ ಕೆಲಸ ಹಾಲ್‌ನಲ್ಲಿ. ಆ ವೈನ್ ಐರ್ಲೆಂಡಿಗೆ ಬರುತ್ತಿದೆ. ಗಿರಾಕಿಗಳು ಶೆಫ್‌ನ ಕರೀರಿ ಎನ್ನುವುದಕ್ಕಿಂತ ಹೆಚ್ಚಾಗಿ ಆ ವೈನಿನ ಹೆಂಗಸನ್ನು ಕರೀರಿ ಎನ್ನುತ್ತಾರೆ. ಕೇಳಿದಾಗೆಲ್ಲ ಎದೆಯಲ್ಲಿ ಒಂದು ಕಡ್ಡಿ ಗೀರಿದ ಹಾಗಾಗುತ್ತದೆ. ಹೋಗಿಲ್ಲ ಅದು, ಹೋಗುತ್ತದೆ ಎನ್ನುವ ನಂಬಿಕೆಯೂ ಇಲ್ಲ. ಅಡುಗೆಮನೆಯಲ್ಲಿ ಬ್ರೆಜಿಲಿನವನು ರುಚಿ ನೋಡುತ್ತಾನೆ. ಅವನಿಗೆ 'ಹೂಂ' ಎನ್ನಲು ಬರುವುದಿಲ್ಲ, ಒಂದು ಭಾಷಣ ಮಾಡುತ್ತಾನೆ.

ಅವಳು ವಾಪಸು ಬಂದ ಹೊಸತರಲ್ಲಿ ನನ್ನ ಪಾತ್ರೆ ಮೊದಲು, ಬಾಟಲಿ ಆಮೇಲೆ. ನಾನು ಏನು ಬೇಯಿಸಿದ್ದೇನೋ ಅದಕ್ಕೆ ಅವಳು ಹುಡುಕಬೇಕಿತ್ತು. ಹೋದ ತಿಂಗಳು ಒಂದು ಶನಿವಾರ ಬೆಳಗ್ಗೆ ಕುರಿ ಒಲೆಯ ಮೇಲಿತ್ತು, ಇನ್ನೂ ಉಪ್ಪು ಬಿದ್ದಿರಲಿಲ್ಲ. ಅವಳು ಗ್ಲಾಸಿನ ಟ್ರೇ ಹಿಡಿದು ಕಿಂಡಿಯ ಮುಂದೆ ಹಾದುಹೋಗುತ್ತಿದ್ದಳು. ಕರೆದೆ.

"ಇವತ್ತು ಇದಕ್ಕೆ ಯಾವ ಬಾಟ್ಲು ತೆಗೀತೀಯ?"

ಅವಳು ನಿಂತಳು. ಟ್ರೇ ಕೆಳಗಿಟ್ಟು, ಶೆಲ್ಫಿನ ಕಡೆ ತಿರುಗಿ, ಒಂದು ಬಾಟಲಿ ಎತ್ತಿ, ಇಟ್ಟು, ಇನ್ನೊಂದನ್ನು ಎತ್ತಿದಳು. ಅವಸರವೇನೂ ಇರಲಿಲ್ಲ ಅವಳಿಗೆ. ನಾನು ಉಪ್ಪಿನ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾ ನಿಂತೆ.